ವೃತ್ತಿಯ ಬಿಡುವಿನಲ್ಲಿ ಬೆಳೆದ ನಗೆ: ‘ಕೊರವಂಜಿ’ಯ ಹವ್ಯಾಸಿ ಲೇಖಕರು

ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ನಗೆಬರಹಕ್ಕೆ ದೊರೆತಿರುವ ಸ್ಥಾನ ಕಿರಿದು. ಕಾವ್ಯಕ್ಕೂ ಕಾದಂಬರಿಗೂ ಅಧ್ಯಾಯಗಳನ್ನೇ ಮೀಸಲಿಡುವ ಚರಿತ್ರಕಾರರು ಹಾಸ್ಯವನ್ನು ‘ಲಘುಸಾಹಿತ್ಯ’ವೆಂಬ ಒಂದು ಮಾತಿನಲ್ಲಿ ಮುಗಿಸಿ ಮುಂದೆ ಸಾಗುತ್ತಾರೆ. ಹವ್ಯಾಸಿಗಳ ಹಾಸ್ಯವಾದರೆ ಆ ಒಂದು ಮಾತೂ ದುರ್ಲಭ. ಆದರೆ ಕನ್ನಡದ ಗದ್ಯ ಹೇಗೆ ಹದಗೊಂಡಿತೆಂಬುದನ್ನು ತಿಳಿಯಬೇಕಾದರೆ, ಉದ್ಯೋಗ ಮುಗಿಸಿ ಮನೆಗೆ ಬಂದು, ದೀಪದ ಬೆಳಕಿನಲ್ಲಿ ಗೆಳೆಯರನ್ನು ನಗಿಸಲೆಂದು ಬರೆದವರ ಕಡೆಗೂ ದೃಷ್ಟಿ ಹಾಯಿಸುವುದು ಅವಶ್ಯ.

ಹೊಸಗನ್ನಡ ಕಥನಸಾಹಿತ್ಯದ ಆದಿಪುರುಷರಲ್ಲಿ ಅನೇಕರು ಹವ್ಯಾಸಿಗಳೇ ಎಂಬುದನ್ನು ಮೊದಲು ನೆನೆಯಬೇಕು. ಕೊಳ್ಳೇಗಾಲದಲ್ಲಿ 1845ರಲ್ಲಿ ಜನಿಸಿದ ಬಿ. ವೆಂಕಟಾಚಾರ್ಯರು ನ್ಯಾಯಾಂಗದ ಅಧಿಕಾರಿಗಳು. ಷೇಕ್ಸ್‌ಪಿಯರನ ಹಾಸ್ಯನಾಟಕವೊಂದನ್ನು ಈಶ್ವರಚಂದ್ರ ವಿದ್ಯಾಸಾಗರರು ಬಂಗಾಳಿಯಲ್ಲಿ ಕಥೆಯಾಗಿಸಿದ್ದರಷ್ಟೆ. ಅದನ್ನು ‘ಭ್ರಾಂತಿವಿಲಾಸ’ವೆಂಬ ಹೆಸರಿನಿಂದಲೇ 1876ರಲ್ಲಿ ಕನ್ನಡಕ್ಕೆ ತಂದವರು ಇವರು. 1899ರಲ್ಲಿ ‘ಇಂದಿರಾಬಾಯಿ’ಯನ್ನು ಪ್ರಕಟಿಸಿದ ಗುಲ್ವಾಡಿ ವೆಂಕಟರಾಯರು ಮದರಾಸು ಆಧಿಪತ್ಯದ ಪೋಲೀಸು ಇಲಾಖೆಯವರು. 1915ರಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’ವನ್ನು ಬರೆದ ಎಂ. ಎಸ್. ಪುಟ್ಟಣ್ಣನವರು ಅಮಲ್ದಾರರಾಗಿದ್ದವರು. ಕಚೇರಿಗೆ ಬರುವ ಜನರ ಮಾತು, ಸೋಗು, ಸಣ್ಣತನ ಇವೆಲ್ಲ ಅಧಿಕಾರಿಯ ಕಿವಿಗೆ ದಿನವೂ ಬೀಳತಕ್ಕವು. ಆ ಅನುಭವವೇ ಇವರ ಗದ್ಯಕ್ಕೆ ವ್ಯಂಗ್ಯದ ಮೊನೆಯನ್ನು ಕೊಟ್ಟಿತೆಂದು ಊಹಿಸಲು ಅಡ್ಡಿಯಿಲ್ಲ.

ಹೀಗೆ ಬಿಡಿಬಿಡಿಯಾಗಿ ಹರಿಯುತ್ತಿದ್ದ ಈ ಪ್ರವೃತ್ತಿಗೆ ಒಂದು ನೆಲೆಯನ್ನು ಒದಗಿಸಿದುದು ‘ಕೊರವಂಜಿ’. ಬೆಂಗಳೂರಿನ ವೈದ್ಯರಾದ ಡಾ. ಎಂ. ಶಿವರಾಂ ಅವರು 1942ರ ಯುಗಾದಿಯಂದು ಈ ಹಾಸ್ಯ ಮಾಸಪತ್ರಿಕೆಯನ್ನು ಹೊರತಂದರು. ತಮ್ಮ ಹೆಸರನ್ನೇ ತಿರುವು ಮುರುವು ಮಾಡಿ ‘ರಾಶಿ’ ಎಂದಾದವರು ಇವರು. ಕಾಲವೇನೂ ನಗೆಗೆ ಅನುಕೂಲವಾಗಿರಲಿಲ್ಲ. ಮಹಾಯುದ್ಧ ಭಾರತದ ಬಾಗಿಲಿಗೆ ಬಂದಿತ್ತು, ಕಾಗದದ ಅಭಾವವಿತ್ತು. ಅಂತಹ ದಿನಗಳಲ್ಲಿ ಹಗಲೆಲ್ಲ ರೋಗಿಗಳ ನಾಡಿ ನೋಡುತ್ತಿದ್ದವರು ನಗೆಪತ್ರಿಕೆಯ ಹೊಣೆಯನ್ನೂ ಹೊತ್ತರೆಂಬುದು ಸಾಮಾನ್ಯ ಸಂಗತಿಯಲ್ಲ.

ಪತ್ರಿಕೆಯ ಹೆಸರೇ ತಮಿಳುನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಅರ್ಥವತ್ತಾಗಿ ಕೇಳುವಂತಹುದು. ಊರೂರು ಸುತ್ತಿ ಕಣಿ ಹೇಳುವ ಕೊರವಂಜಿ ಎರಡು ಭಾಷೆಗಳಿಗೂ ಸೇರಿದವಳು. ತಮಿಳಿನಲ್ಲಿ ‘ಕುರವಂಜಿ’ ಒಂದು ಸಾಹಿತ್ಯಪ್ರಕಾರವೇ ಆಗಿ ಬೆಳೆದು, ಹದಿನೆಂಟನೆಯ ಶತಮಾನದಲ್ಲಿ ‘ಕುಟ್ರಾಲ ಕುರವಂಜಿ’ಯಂತಹ ಕೃತಿಯನ್ನು ಪಡೆಯಿತು. ಯಾರ ಮನೆಯ ಬಾಗಿಲಲ್ಲಿಯಾದರೂ ನಿಂತು, ಕೈ ನೋಡಿ, ಇದ್ದುದನ್ನು ಇದ್ದಂತೆ ಹೇಳುವ ಸಲಿಗೆ ಅವಳಿಗುಂಟು. ನಗೆಪತ್ರಿಕೆಗೆ ಇದಕ್ಕಿಂತ ತಕ್ಕ ಹೆಸರು ದೊರೆಯುವುದು ಕಷ್ಟ.

‘ಕೊರವಂಜಿ’ಯ ಸುತ್ತ ಸೇರಿದವರಲ್ಲಿ ಮುಖ್ಯರು ನಾ. ಕಸ್ತೂರಿ. ಇವರು ಕೇರಳದಲ್ಲಿ 1897ರಲ್ಲಿ ಹುಟ್ಟಿ, ಮೈಸೂರಿಗೆ ಬಂದು ಇತಿಹಾಸ ಬೋಧಿಸಿದವರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳು, ಅವರಿಗೆ ದೇಶವ್ಯಾಪಿ ಕೀರ್ತಿ ಬರುವುದಕ್ಕೆ ಮುನ್ನವೇ, ಇಲ್ಲಿ ಅಚ್ಚಾದವು. ಮನೆಯೊಳಗಿನ ಬದುಕನ್ನು ಹೆಂಗಸಿನ ಕಣ್ಣಿನಿಂದ ಕಂಡು ನಗಿಸಿದ ಟಿ. ಸುನಂದಮ್ಮನವರ ಬರಹಕ್ಕೂ ಇದೇ ಪತ್ರಿಕೆ ಅಂಗಳವಾಯಿತು. ಅದುವರೆಗೆ ಹಾಸ್ಯದಲ್ಲಿ ಹೆಂಗಸು ನಗೆಗೆ ವಸ್ತುವಾಗಿದ್ದಳು; ಇಲ್ಲಿ ನಗಿಸುವ ಕರ್ತೃವಾದಳು. ಈ ಪಲ್ಲಟವೊಂದೇ ಸಾಕು, ಪತ್ರಿಕೆಯನ್ನು ಚರಿತ್ರೆಯಲ್ಲಿ ನಿಲ್ಲಿಸಲು.

ಈ ಬಳಗದ ಮತ್ತೊಂದು ಲಕ್ಷಣವನ್ನು ವಿಮರ್ಶಕರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಕಸ್ತೂರಿಯವರ ಮನೆಮಾತು ಮಲಯಾಳ, ಲಕ್ಷ್ಮಣರದು ತಮಿಳು. ಇವರಿಗೆ ಹಿರಿಯರಾದ ಟಿ. ಪಿ. ಕೈಲಾಸಂ ಅವರದೂ ತಮಿಳೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಭೂಗರ್ಭಶಾಸ್ತ್ರವನ್ನು ಅಭ್ಯಸಿಸಲು ಲಂಡನ್ನಿಗೆ ಹೋಗಿ ಬಂದವರು ಅವರು. ಅನ್ಯಭಾಷೆಯ ಮನೆಯಲ್ಲಿ ಬೆಳೆದವನಿಗೆ ಬೀದಿಯ ಭಾಷೆ ಸಹಜವಾಗಿ ಬಂದರೂ ಅದರ ಸದ್ದು ಎಂದಿಗೂ ಹಳತಾಗದು. ಹುಟ್ಟಿನಿಂದ ಆಡುವವರು ಕೇಳಿಯೂ ಕೇಳದಂತೆ ಬಿಡುವ ನುಡಿಗಟ್ಟಿನ ವಕ್ರತೆ ಅವನ ಕಿವಿಯಲ್ಲಿ ನಿಲ್ಲುತ್ತದೆ. ಕಸ್ತೂರಿಯವರ ‘ಅನರ್ಥಕೋಶ’ ಹುಟ್ಟಿದುದು ಇಂತಹ ಕಿವಿಯಿಂದಲೇ ಇರಬೇಕು. ಶಬ್ದಕ್ಕೆ ಗಂಭೀರವಾಗಿ ಅರ್ಥ ಹೇಳುವ ಕೋಶದ ವೇಷವನ್ನೇ ತೊಟ್ಟು, ಅನರ್ಥವನ್ನು ಹೇಳಿ, ಆ ಮೂಲಕ ಲೋಕದ ನಿಜವನ್ನು ಹೊರಗೆಡಹುವ ಕೃತಿ ಅದು.

ಇಲ್ಲಿಯೇ ಅಣಕಬರಹದ ಮರ್ಮವೂ ಅಡಗಿದೆ. ಅರ್ಥಕೋಶವನ್ನು ಬಲ್ಲವನಿಗೆ ಮಾತ್ರ ಅನರ್ಥಕೋಶ ನಗೆ ತರಿಸೀತು. ಪತ್ತೇದಾರಿ ಕಥೆಯನ್ನು ಓದಿದವನಿಗೆ ಮಾತ್ರ ಪೆದ್ದ ಪತ್ತೇದಾರ ಸ್ವಾರಸ್ಯವಾಗಿ ಕಂಡಾನು. ಆದುದರಿಂದ ಈ ಬಗೆಯ ಬರಹಕ್ಕೆ ಓದುಗರ ಸಮೂಹವೊಂದು ಸಾಲದು, ಬಳಗವೊಂದು ಬೇಕು; ಬರೆದವನ ಸಂಜ್ಞೆಯನ್ನು ಅರಿತು, ಮರುತಿಂಗಳು ತಾನೂ ಒಂದನ್ನು ಬರೆದು ಕಳುಹಿಸಬಲ್ಲ ಸಹೃದಯರು ಬೇಕು.

‘ಕೊರವಂಜಿ’ ಹುಟ್ಟಿದ 1942ರಲ್ಲಿಯೇ ಮದರಾಸಿನಲ್ಲಿ ನಡೆದುದನ್ನು ಇದರೊಡನೆ ಹೋಲಿಸಿ ನೋಡಬಹುದು. ಎಸ್. ಎಸ್. ವಾಸನ್ನರ ‘ಆನಂದ ವಿಕಟನ್’ ವಾರಪತ್ರಿಕೆಯಲ್ಲಿ ‘ದೇವನ್’ ಎಂಬ ಹೆಸರಿನಿಂದ ಬರೆಯುತ್ತಿದ್ದ ಆರ್. ಮಹಾದೇವನ್ ಆ ವರ್ಷ ‘ತುಪ್ಪರಿಯುಂ ಸಾಂಬು’ವನ್ನು ಸೃಷ್ಟಿಸಿದರು. ಸಾಂಬು ಒಂದು ಬ್ಯಾಂಕಿನ ಗುಮಾಸ್ತೆ. ಎಲ್ಲರ ಕಣ್ಣಿಗೂ ಶುದ್ಧ ಪೆದ್ದ. ಅವನು ಎಡವಿದಲ್ಲೆಲ್ಲ ಕಳ್ಳ ಸಿಕ್ಕಿಬೀಳುತ್ತಾನೆ. ಲೋಕ ಅವನನ್ನು ಮಹಾ ಪತ್ತೇದಾರನೆಂದು ಕೊಂಡಾಡುತ್ತದೆ. ಪತ್ತೇದಾರಿ ಕಥೆಯ ಎಲ್ಲ ಕಟ್ಟಳೆಗಳನ್ನೂ ಪಾಲಿಸುತ್ತಲೇ ಅವುಗಳನ್ನು ತಲೆಕೆಳಗು ಮಾಡಿದ ಈ ಕಥೆಗಳು ತಮಿಳರ ಮನೆಮಾತಾದವು. ಆದರೆ ದೇವನ್ ಪತ್ರಿಕೆಯ ಸಂಪಾದಕವರ್ಗದವರು. ಬರೆವಣಿಗೆಯೇ ಅವರ ಉದ್ಯೋಗ. ವಿಕಟನ್ನಿನ ಬೆನ್ನಿಗೆ ವಾಸನ್ನರ ವ್ಯವಹಾರಕುಶಲತೆಯಿತ್ತು; 1940ರಲ್ಲಿ ಜೆಮಿನಿ ಸ್ಟುಡಿಯೋ ಸ್ಥಾಪಿಸಿದವರೂ ಅವರೇ. ವಿದ್ಯಾರ್ಥಿ ಲಕ್ಷ್ಮಣ್ ಬೇಸಗೆಯ ರಜೆಯಲ್ಲಿ ಮದರಾಸಿಗೆ ಬಂದು ದುಡಿದುದು ಆ ಸ್ಟುಡಿಯೋದಲ್ಲಿಯೇ. ತಮಿಳಿನ ನಗೆಗೆ ಸಂಸ್ಥೆಯ ಆಸರೆಯಿತ್ತು. ಕನ್ನಡದ ನಗೆಗೆ ಸ್ನೇಹದ ಆಸರೆ ಮಾತ್ರ.

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿ ಬೆಳೆಯಲಿಲ್ಲವೆಂದಲ್ಲ. ಬಸ್ಸಿನ ನಿರ್ವಾಹಕರಾಗಿ ದುಡಿದ ಎನ್. ನರಸಿಂಹಯ್ಯನವರು ಪುರುಷೋತ್ತಮನೆಂಬ ಪತ್ತೇದಾರನನ್ನು ನಿರ್ಮಿಸಿ, ನೂರಾರು ಕಾದಂಬರಿಗಳನ್ನು ಬರೆದು, ಓದುವ ಹವ್ಯಾಸವನ್ನೇ ಅರಿಯದ ಮನೆಗಳಿಗೆ ಕನ್ನಡ ಪುಸ್ತಕವನ್ನು ಮುಟ್ಟಿಸಿದರು. ಆದರೆ ಅವರ ಓದುಗರಿಗೂ ‘ಕೊರವಂಜಿ’ಯ ಬಳಗಕ್ಕೂ ನಡುವೆ ಸೇತುವೆ ಕಟ್ಟುವವರು ಹುಟ್ಟಲಿಲ್ಲ. ಸಾಂಬುವಿನಷ್ಟು ಜನಜನಿತನಾದ ಪೆದ್ದ ಪತ್ತೇದಾರನೊಬ್ಬ ಕನ್ನಡಕ್ಕೆ ದೊರೆಯದಿದ್ದುದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ, ಈ ಅಂತರವೇ ಕಾರಣವೆನ್ನಬಹುದು.

ಇಪ್ಪತ್ತೈದು ವರ್ಷ ನಡೆದು 1967ರಲ್ಲಿ ‘ಕೊರವಂಜಿ’ ನಿಂತಿತು. ಹವ್ಯಾಸಿಗಳ ಕೆಲಸದ ಬಲವೇ ಅದರ ದೌರ್ಬಲ್ಯವೂ ಹೌದು. ಒಬ್ಬಿಬ್ಬರ ಉತ್ಸಾಹದ ಮೇಲೆ ನಿಂತುದು ಅವರ ದೇಹಶಕ್ತಿಯನ್ನು ಮೀರಿ ಬಾಳಲಾರದು. ಶಿವರಾಂ ಅವರ ಲೇಖನಿ ನಿಲ್ಲಲಿಲ್ಲ. ಮನಶ್ಶಾಸ್ತ್ರವನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಕಾಲು ಶತಮಾನ ನಾಡನ್ನು ನಗಿಸಿದವರಿಗೆ ಅತ್ಯುನ್ನತ ಮನ್ನಣೆ ದೊರೆತುದು ಅವರ ಗಂಭೀರ ಗ್ರಂಥಕ್ಕೆ ಎಂಬುದು ನಮ್ಮ ಸಾಹಿತ್ಯಾಭಿರುಚಿಯನ್ನು ಕುರಿತು ಬಹಳಷ್ಟನ್ನು ಹೇಳುತ್ತದೆ. 1980ರ ದಶಕದಲ್ಲಿ ‘ಅಪರಂಜಿ’ ಈ ಪರಂಪರೆಯನ್ನು ಮುಂದುವರಿಸಲು ಹೊರಟಿತು.

ಮದರಾಸು ಕನ್ನಡಕ್ಕೆ ಸಲ್ಲಿಸಿದ ಸೇವೆಯೆಂದರೆ ನೆನಪಿಗೆ ಬರುವುದು ಕಿಟ್ಟೆಲ್ ಕೋಶದ ಪರಿಷ್ಕರಣ. ಎಂ. ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ಮದರಾಸು ವಿಶ್ವವಿದ್ಯಾಲಯ 1968ರಿಂದ ಪ್ರಕಟಿಸಿದ ಆ ಸಂಪುಟಗಳು ಗ್ರಂಥಾಲಯಗಳಲ್ಲಿ ಭದ್ರವಾಗಿವೆ. ಅರ್ಥಕೋಶವನ್ನು ವಿಶ್ವವಿದ್ಯಾಲಯ ಕಾಪಾಡುತ್ತದೆ. ಅನರ್ಥಕೋಶವನ್ನು ಕಾಪಾಡತಕ್ಕವರು ಯಾರು? ಮಾಸಪತ್ರಿಕೆ ಹರಿದು ರದ್ದಿಗೆ ಹೋಗುವ ವಸ್ತು. ಹೊರನಾಡಿನಲ್ಲಿ ಬೆಳೆದ ಮಗು ಕನ್ನಡದಲ್ಲಿ ಲೆಕ್ಕ ಹೇಳಬಹುದು, ಪದ್ಯವನ್ನೂ ಒಪ್ಪಿಸಬಹುದು. ಕನ್ನಡದಲ್ಲಿ ನಗಬಲ್ಲುದಾದರೆ ಮಾತ್ರ ಆ ಭಾಷೆ ಅದರದಾಯಿತು. ಮನೆಮಾತು ಬೇರೆಯಾಗಿದ್ದವರು ಬೀದಿಯ ಕನ್ನಡವನ್ನು ಕಲಿತು ಕನ್ನಡಿಗರನ್ನೇ ನಗಿಸಿದರು. ಬೀದಿಯ ಭಾಷೆ ಬೇರೆಯಾಗಿರುವ ಚೆನ್ನೈಯಲ್ಲಿ ಮನೆಯೊಳಗಿನ ಕನ್ನಡಕ್ಕೆ ಆ ನಗೆಯನ್ನು ಉಳಿಸಿಕೊಡುವುದು ಅದಕ್ಕಿಂತ ಕಠಿಣವಾದುದೇನೂ ಅಲ್ಲ. ಅಟ್ಟದ ಮೇಲಿನ ಹಳೆಯ ಕಟ್ಟುಗಳಲ್ಲಿ ‘ಕೊರವಂಜಿ’ಯ ಒಂದು ಸಂಚಿಕೆ ಸಿಕ್ಕರೂ ಅದನ್ನು ಸಂಘದ ಪುಸ್ತಕಭಂಡಾರಕ್ಕೆ ತಲುಪಿಸುವುದು ಆ ಕೆಲಸದ ಮೊದಲ ಹೆಜ್ಜೆಯಾದೀತು.