ಹಳೆಯ ಹೊಲಿಗೆ ಯಂತ್ರಗಳ ಪುನರುಜ್ಜೀವನ: ಹವ್ಯಾಸಿಗಳ ಸ್ನೇಹವಲಯ ಉಳಿಸಿದ ಚರಿತ್ರೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪೇಟೆಂಟ್ ದಾಖಲೆಗಳನ್ನು, ಕಂಪನಿಗಳ ಕಡತಗಳನ್ನು ಮತ್ತು ವಸ್ತುಸಂಗ್ರಹಾಲಯಗಳ ಮಾದರಿಗಳನ್ನು ಅವಲಂಬಿಸುತ್ತಾರೆ. ಹೊಲಿಗೆ ಯಂತ್ರದ ಮಟ್ಟಿಗೆ ಈ ಆಕರಗಳಿಗೆ ಕೊರತೆಯಿಲ್ಲ. ಸಿಂಗರ್ ಕಂಪನಿಯ ಹಳೆಯ ಕಾಗದಪತ್ರಗಳು ಅಮೆರಿಕದ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ. ಪೇಟೆಂಟ್ ಮಾದರಿಗಳು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿವೆ. ಸ್ಕಾಟ್ಲೆಂಡಿನ ವೆಸ್ಟ್ ಡನ್‌ಬಾರ್ಟನ್‌ಶೈರ್ ಸ್ಥಳೀಯ ಆಡಳಿತದ ಸಂಗ್ರಹದಲ್ಲಿ ನೂರಾರು ಯಂತ್ರಗಳಿವೆ. ಆದರೆ ನೂರು ವರ್ಷ ಹಳೆಯದಾದ, ಎಣ್ಣೆ ಒಣಗಿ ಬಿಗಿದುಕೊಂಡ ಒಂದು ಯಂತ್ರ ಮತ್ತೆ ಹೊಲಿಯುವಂತಾಗಬೇಕಾದರೆ ಏನು ಮಾಡಬೇಕೆಂಬುದನ್ನು ಈ ಯಾವ ಆಕರವೂ ಪೂರ್ಣವಾಗಿ ತಿಳಿಸದು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಆ ತಿಳಿವಳಿಕೆಯನ್ನು ಕಲೆಹಾಕಿ ಕಾಪಾಡಿದವರು ಬಹುಮಟ್ಟಿಗೆ ಹವ್ಯಾಸಿಗಳು. ಅವರ ನಡುವಿನ ಸ್ನೇಹವೇ ಒಂದು ಬಗೆಯ ದಾಖಲಾಗಾರವಾಗಿ ಕೆಲಸ ಮಾಡಿತೆಂಬುದು ಪ್ರಸ್ತುತ ಪ್ರಬಂಧದ ಪ್ರತಿಪಾದನೆ.

ಹಳೆಯ ಯಂತ್ರವನ್ನು ಮತ್ತೆ ಕಟ್ಟಿ ನೋಡುವುದರಿಂದ ಚರಿತ್ರೆಯ ಅರಿವು ಬದಲಾಗುತ್ತದೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಒಂದು ನಿದರ್ಶನವಿದೆ. 1790ರಲ್ಲಿ ಥಾಮಸ್ ಸೇಂಟ್ ಎಂಬ ಇಂಗ್ಲಿಷ್ ಕುಶಲಕರ್ಮಿ ತೊಗಲನ್ನು ಹೊಲಿಯುವ ಯಂತ್ರವೊಂದಕ್ಕೆ ಪೇಟೆಂಟ್ ಪಡೆದಿದ್ದನು. ಪಾದರಕ್ಷೆಗಳ ತಯಾರಿಕೆಗೆ ಸಂಬಂಧಿಸಿದ ಇತರ ವಿವರಗಳ ನಡುವೆ ಅದು ಹುದುಗಿಹೋಗಿ, ಎಂಟು ದಶಕಗಳವರೆಗೆ ಯಾರ ಗಮನಕ್ಕೂ ಬರಲಿಲ್ಲ. 1870ರ ದಶಕದಲ್ಲಿ ನ್ಯೂಟನ್ ವಿಲ್ಸನ್ ಎಂಬ ಹೊಲಿಗೆ ಯಂತ್ರದ ತಯಾರಕನು ಆ ನಕ್ಷೆಗಳನ್ನು ಕಂಡು, ಅವುಗಳ ಪ್ರಕಾರ ಯಂತ್ರವನ್ನು ಕಟ್ಟಿಸಿದನು. ಕೆಲವು ಮಾರ್ಪಾಡುಗಳನ್ನು ಮಾಡಿದ ಮೇಲಷ್ಟೇ ಅದು ಹೊಲಿಯಿತು. ಈ ಪ್ರತಿಕೃತಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯದ ಸ್ವತ್ತು. ನಕ್ಷೆಯಲ್ಲಿ ಎಲ್ಲವೂ ಸರಿಯಾಗಿದ್ದಂತೆ ಕಂಡರೂ ಕಬ್ಬಿಣದಲ್ಲಿ ಎಲ್ಲಿ ಎಡವುತ್ತದೆ ಎಂಬುದು ತಿಳಿದದ್ದು ಕಟ್ಟಿದ ಬಳಿಕ.

ಯಂತ್ರದ ಆವಿಷ್ಕಾರದ ಕಥೆ ಪ್ರಸಿದ್ಧವಾದುದರಿಂದ ಅದನ್ನಿಲ್ಲಿ ವಿಸ್ತರಿಸಬೇಕಾಗಿಲ್ಲ. ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದರು. ಪರಸ್ಪರ ಮೊಕದ್ದಮೆಗಳಿಂದ ಬಳಲಿದ ತಯಾರಕರು 1856ರಲ್ಲಿ ಪೇಟೆಂಟುಗಳನ್ನು ಒಟ್ಟುಗೂಡಿಸಿಕೊಂಡು, 1877ರವರೆಗೆ ಈ ಉದ್ಯಮವನ್ನು ತಮ್ಮ ಹಿಡಿತದಲ್ಲಿರಿಸಿಕೊಂಡರು. ನಮ್ಮ ವಿಷಯಕ್ಕೆ ಹೆಚ್ಚು ಪ್ರಸ್ತುತವಾದುದು ಬೇರೊಂದು ಸಂಗತಿ. ಒಂದು ಯಂತ್ರದ ಬಿಡಿಭಾಗ ಅದೇ ಮಾದರಿಯ ಇನ್ನೊಂದಕ್ಕೆ ತಾನಾಗಿ ಹೊಂದಿಕೊಳ್ಳುವ ವ್ಯವಸ್ಥೆ ಸಿಂಗರ್ ಕಾರ್ಖಾನೆಯಲ್ಲಿ ಮೊದಲಿನಿಂದಲೇ ಇತ್ತೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಅಮೆರಿಕದ ತಂತ್ರಜ್ಞಾನ ಇತಿಹಾಸಕಾರ ಡೇವಿಡ್ ಹೌನ್‌ಶೆಲ್ 1984ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, 1880ರ ದಶಕದವರೆಗೂ ಅಲ್ಲಿ ಕುಶಲಕರ್ಮಿಗಳು ಅರ ಹಿಡಿದು ಭಾಗಗಳನ್ನು ಒಂದಕ್ಕೊಂದು ಹೊಂದಿಸುತ್ತಿದ್ದರೆಂದು ಕಂಪನಿಯ ಕಡತಗಳ ಆಧಾರದಿಂದ ತೋರಿಸಿಕೊಟ್ಟರು. ಆ ಕಾಲದ ಯಂತ್ರವನ್ನು ಬಿಚ್ಚುವ ಹವ್ಯಾಸಿಗೆ ಇದೇ ಸತ್ಯ ಬೇರೊಂದು ಮಾರ್ಗದಿಂದ ಗೋಚರವಾಗುತ್ತದೆ. ಒಂದೇ ಮಾದರಿಯ ಎರಡು ಯಂತ್ರಗಳನ್ನು ಅಕ್ಕಪಕ್ಕ ಬಿಚ್ಚಿಟ್ಟು ಭಾಗಗಳು ಬೆರಕೆಯಾದರೆ, ಮತ್ತೆ ಜೋಡಿಸುವಾಗ ಒಂದು ಬಿಗಿಯಾಗುತ್ತದೆ, ಇನ್ನೊಂದು ಅಲುಗಾಡುತ್ತದೆ. ಕಡತದ ಸಾಕ್ಷ್ಯ ಮತ್ತು ಬೆರಳಿನ ಸಾಕ್ಷ್ಯ ಹೀಗೆ ಒಂದಾಗುವ ಸಂದರ್ಭಗಳು ಚರಿತ್ರೆಯಲ್ಲಿ ವಿರಳ.

ಗ್ಲಾಸ್ಗೋ ನಗರದ ಸಮೀಪ ಕ್ಲೈಡ್‌ಬ್ಯಾಂಕ್‌ನಲ್ಲಿ 1880ರ ದಶಕದಲ್ಲಿ ಆರಂಭವಾದ ಸಿಂಗರ್ ಕಾರ್ಖಾನೆ 1913ರ ಒಂದೇ ವರ್ಷದಲ್ಲಿ ಹದಿಮೂರು ಲಕ್ಷದಷ್ಟು ಯಂತ್ರಗಳನ್ನು ಹೊರಕಳುಹಿಸಿತು. ಅದರ ದೈತ್ಯ ಗಡಿಯಾರ ಗೋಪುರವನ್ನು 1963ರಲ್ಲಿ ಕೆಡವಲಾಯಿತು. 1980ರಲ್ಲಿ ಕಾರ್ಖಾನೆಯೇ ಮುಚ್ಚಿತು. ಇಂದು ಅಲ್ಲಿಯ ರೈಲು ನಿಲ್ದಾಣ ಮಾತ್ರ ಸಿಂಗರ್ ಎಂಬ ಹೆಸರನ್ನು ಹೊತ್ತಿದೆ. ಕಾರ್ಖಾನೆಯೊಡನೆ ಕೊನೆಗೊಂಡದ್ದು ಉತ್ಪಾದನೆಯೊಂದೇ ಅಲ್ಲ. ಯಾವ ಮಾದರಿಗೆ ಯಾವ ಸೂಜಿ, ಲಾಳಿಯ ಮೇಲಿನ ತಿರುಪನ್ನು ಎಷ್ಟು ಸಡಿಲಿಸಬೇಕು, ಯಾವ ಒರಟು ಸದ್ದು ಯಾವ ಸವೆತದ ಸೂಚನೆ ಎಂಬ ದೈನಂದಿನ ತಿಳಿವಳಿಕೆ ಕೆಲಸಗಾರರೊಡನೆಯೂ ಊರೂರಿನ ಮಾರಾಟ ಮಳಿಗೆಗಳ ರಿಪೇರಿಗಾರರೊಡನೆಯೂ ಚದುರಿಹೋಯಿತು.

ಇದೇ ಹೊತ್ತಿನಲ್ಲಿ ಹಳೆಯ ಯಂತ್ರಗಳ ಬಗೆಗಿನ ಆಸಕ್ತಿ ಬೆಳೆದುದಕ್ಕೆ ಅಮೆರಿಕದ ಕೌದಿ ಪುನರುಜ್ಜೀವನ ಒಂದು ಮುಖ್ಯ ಕಾರಣ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಕಲಾಸಂಗ್ರಹಾಲಯ ಕೌದಿಗಳನ್ನು ಕಲಾಕೃತಿಗಳಂತೆ ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು. 1976ರ ಸ್ವಾತಂತ್ರ್ಯ ದ್ವಿಶತಮಾನೋತ್ಸವ ಈ ಒಲವನ್ನು ಇನ್ನಷ್ಟು ಹರಡಿತು. ಕೌದಿಯ ತುಂಡುಗಳನ್ನು ಜೋಡಿಸುವುದಕ್ಕೆ ಬೇಕಾದುದು ನೇರವಾದ, ಸಮನಾದ ಹೊಲಿಗೆಯೊಂದೇ. 1933ರಲ್ಲಿ ಸಿಂಗರ್ ಹೊರತಂದಿದ್ದ 221 ಕ್ರಮಾಂಕದ, ಫೆದರ್‌ವೇಟ್ ಎಂದೇ ಪ್ರಸಿದ್ಧವಾದ ಅಲ್ಯೂಮಿನಿಯಂ ಯಂತ್ರ ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು. ಅದರ ತೂಕ ಸುಮಾರು 5 ಕಿಲೋಗ್ರಾಂ. ಕೈಪೆಟ್ಟಿಗೆಯಲ್ಲಿಟ್ಟುಕೊಂಡು ಗೆಳತಿಯ ಮನೆಗೋ ಕೌದಿ ತರಗತಿಗೋ ಒಯ್ಯಬಹುದಾದ ಯಂತ್ರವದು. ಒಟ್ಟಿಗೆ ಕುಳಿತು ಹೊಲಿಯುವಲ್ಲಿ ಒಬ್ಬರ ಯಂತ್ರ ಕೆಟ್ಟರೆ ಇನ್ನೊಬ್ಬರು ಬಗ್ಗಿ ನೋಡುವುದು ಸಹಜ. ಹವ್ಯಾಸಿಗಳ ಗೆಳೆತನ ಹೀಗೆ ಯಂತ್ರದ ತೂಕದಿಂದಲೂ ನಿರ್ಧಾರವಾಯಿತೆಂದರೆ ಅತಿಶಯೋಕ್ತಿಯಲ್ಲ. ಗ್ರಾಮೀಣ ಅಮೆರಿಕದ ಆಮಿಶ್ ಸಮುದಾಯದವರು ಸಾರ್ವಜನಿಕ ವಿದ್ಯುತ್ ಜಾಲವನ್ನು ಧಾರ್ಮಿಕ ಕಾರಣಗಳಿಗಾಗಿ ಬಳಸದೆ ಕಾಲುತುಳಿ ಯಂತ್ರಗಳನ್ನು ಉಳಿಸಿಕೊಂಡುದರಿಂದ, ಅವುಗಳ ಚರ್ಮದ ಪಟ್ಟಿ ಮೊದಲಾದ ಭಾಗಗಳಿಗೆ ಬೇಡಿಕೆ ಎಂದೂ ಪೂರ್ತಿ ನಿಲ್ಲಲಿಲ್ಲ.

ಬ್ರಿಟನ್ನಿನಲ್ಲಿ ಆಸಕ್ತಿಯ ಸ್ವರೂಪ ಸ್ವಲ್ಪ ಭಿನ್ನ. ಅಲ್ಲಿ 1980ರ ದಶಕದಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಹೊಲಿಗೆ ಯಂತ್ರ ಸಂಗ್ರಾಹಕರ ಸಂಘ ತನ್ನದೇ ಪತ್ರಿಕೆಯನ್ನು ಹೊರತಂದು, ಸಮಾವೇಶಗಳನ್ನು ನಡೆಸಿ, ಬೇರೆಬೇರೆ ದೇಶಗಳ ಸಂಗ್ರಾಹಕರನ್ನು ಹತ್ತಿರ ತಂದಿತು. ಸಿಂಗರ್ ಯಂತ್ರಗಳ ಕ್ರಮಸಂಖ್ಯೆಗಳ ಪಟ್ಟಿಯನ್ನು ಸುಲಭವಾಗಿ ಎಲ್ಲರಿಗೂ ದೊರೆಯುವಂತೆ ಮಾಡಿದ್ದು ಈ ಸಂಘದ ದೊಡ್ಡ ಕೊಡುಗೆ. ಯಂತ್ರದ ಮೈಮೇಲೆ ಒತ್ತಿರುವ ಅಕ್ಷರ ಮತ್ತು ಅಂಕಿಗಳಿಂದ ಅದು ಯಾವ ಕಾರ್ಖಾನೆಯದು, ಯಾವ ಕಾಲದ್ದು ಎಂದು ತಿಳಿಯಬಹುದು. ಉದಾಹರಣೆಗೆ, ವೈ ಅಕ್ಷರದಿಂದ ಆರಂಭವಾಗುವ ಸಂಖ್ಯೆ 1920ರ ದಶಕ ಹಾಗೂ ಅದರ ಆಸುಪಾಸಿನ ಕ್ಲೈಡ್‌ಬ್ಯಾಂಕ್ ಯಂತ್ರವನ್ನು ಸೂಚಿಸುತ್ತದೆ. ಇಲ್ಲಿ ಸಂಶೋಧಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಪಟ್ಟಿಯಲ್ಲಿರುವ ದಿನಾಂಕ ಯಂತ್ರ ತಯಾರಾದ ದಿನವಲ್ಲ. ಸಾವಿರಾರು ಸಂಖ್ಯೆಗಳ ಒಂದು ಕಂತನ್ನು ಕಾರ್ಖಾನೆಯ ಒಂದು ಮಾದರಿಗೆ ಹಂಚಿಕೊಟ್ಟ ದಿನ. ಸಾಮಾನ್ಯ ಒಡೆಯರು ಅದನ್ನು ಯಂತ್ರದ ಹುಟ್ಟುಹಬ್ಬವೆಂದೇ ಸಂಭ್ರಮಿಸುತ್ತಾರೆ. ಅನುಭವಿ ಹವ್ಯಾಸಿಗಳು ಮಾತ್ರ ಈ ವ್ಯತ್ಯಾಸವನ್ನು ಹೊಸಬರಿಗೆ ತಾಳ್ಮೆಯಿಂದ ತಿಳಿಸಿಕೊಡುತ್ತ ಬಂದಿದ್ದಾರೆ. ಶಾಸನಶಾಸ್ತ್ರಜ್ಞರಿಗೆ ಇಂಥ ಎಚ್ಚರ ಅಪರಿಚಿತವಲ್ಲ.

ಪುನಃಸ್ಥಾಪನೆಯ ವಿಧಾನದಲ್ಲಿಯೇ ಈ ಸ್ನೇಹವಲಯದ ಸ್ವಭಾವ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹೊಲಿಯದೆ ನಿಂತ ಹಳೆಯ ಯಂತ್ರ ಬಹುಮಟ್ಟಿಗೆ ಮುರಿದಿರುವುದಿಲ್ಲ; ದಶಕಗಳ ಎಣ್ಣೆ ಒಣಗಿ ಅಂಟಾಗಿ, ಕೀಲುಗಳನ್ನು ಬಿಗಿದಿರುತ್ತದೆ. ಸೀಮೆಎಣ್ಣೆ ಅಥವಾ ಹೊಲಿಗೆ ಯಂತ್ರದ ಎಣ್ಣೆಯನ್ನು ಕೀಲುಗಳಿಗೆ ಹನಿಸಿ, ಹದವಾದ ಬಿಸಿ ತಾಗಿಸಿ, ಒಂದೆರಡು ದಿನ ಕಾದು, ಚಕ್ರವನ್ನು ಹಿಂದೆಮುಂದೆ ಕೂದಲೆಳೆಯಷ್ಟೇ ಅಲುಗಿಸುತ್ತ ಹೋದರೆ ಅದು ಬಿಡಿಸಿಕೊಳ್ಳುತ್ತದೆ. ಬಲಪ್ರಯೋಗ ಮಾಡಿದವರು ಭಾಗಗಳನ್ನು ಮುರಿದಿದ್ದಾರೆ. ಇನ್ನು ಹೊರಮೈಯ ಪ್ರಶ್ನೆ. ಎರಕದ ಕಬ್ಬಿಣದ ಮೇಲಿನ ಕಪ್ಪು ಹೊಳಪು ಡಾಂಬರಿನಂಥ ದ್ರವ್ಯವನ್ನು ಕಾಸಿ ಕೂರಿಸಿದ ಲೇಪ. ಸ್ಫಿಂಕ್ಸ್, ತಾವರೆ ಮೊದಲಾದ ಹೊಂಬಣ್ಣದ ಚಿತ್ರಗಳನ್ನು ಅದರ ಮೇಲೆ ಅಂಟಿಸಿ, ಅವುಗಳ ರಕ್ಷಣೆಗೆ ಅರಗಿನ ಪಾರದರ್ಶಕ ಪದರವನ್ನು ಬಳಿಯಲಾಗುತ್ತಿತ್ತು. ಆ ಕಾಲದ ಅರಗಿನ ಬಹುಭಾಗ ಭಾರತದ ಕಾಡುಗಳಿಂದ, ಅದರಲ್ಲಿಯೂ ಛೋಟಾ ನಾಗಪುರ ಪ್ರದೇಶದಿಂದ ಹೋಗುತ್ತಿದ್ದುದು ಇಲ್ಲಿ ಸ್ಮರಣೀಯ. ಸ್ಪಿರಿಟ್ ಸೋಂಕಿದರೆ ಈ ಅರಗು ಕರಗುತ್ತದೆ. ತೀಕ್ಷ್ಣವಾದ ಸಾಬೂನು ತಗುಲಿದರೆ ಹೊಂಬಣ್ಣ ಬಿಳಿಚಿಕೊಳ್ಳುತ್ತದೆ. ಒಂದು ಸಲ ಹೋದ ಚಿತ್ರ ಮರಳಿ ಬಾರದು. ಆದುದರಿಂದ ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸಿ ನೋಡಬೇಕೆಂಬುದು ಹವ್ಯಾಸಿಗಳ ನಡುವೆ ಅಲಿಖಿತ ವಿಧಿಯಂತೆ ಉಳಿದಿದೆ.

ಇಲ್ಲಿಯೇ ಅವರ ನಡುವಿನ ನಿಜವಾದ ಭಿನ್ನಾಭಿಪ್ರಾಯವೂ ಇದೆ. ಮಾಸಿದ ಯಂತ್ರಕ್ಕೆ ಹೊಸ ಬಣ್ಣ ಬಳಿದು, ಹೊಸ ಚಿತ್ರ ಅಂಟಿಸಿ, ಅಂಗಡಿಯಿಂದ ಬಂದಂತೆ ಮಾಡುವುದು ಸರಿಯೆ? ಅಥವಾ ಹಿಂದಿನವರ ಅಂಗೈ ಉಜ್ಜಿ ಸವೆದ ಹೊಂಬಣ್ಣವನ್ನು ಹಾಗೆಯೇ ಉಳಿಸಿ, ಒಳಗಿನ ಚಲನೆಯನ್ನಷ್ಟೇ ಸರಿಪಡಿಸಬೇಕೆ? ಸವೆತವೂ ಒಂದು ದಾಖಲೆ. ಬಟ್ಟೆ ಸರಿದು ಸರಿದು ಮುಂಭಾಗದ ಚಿತ್ರ ಅಳಿಸಿದ ಬಗೆಯಿಂದ ಯಂತ್ರ ಎಷ್ಟು ದುಡಿಯಿತೆಂದು ಊಹಿಸಬಹುದು. ಈ ಲೇಖಕನ ಒಲವು ಎರಡನೆಯ ಪಕ್ಷದ ಕಡೆಗೆ. ಆದರೂ ತುಕ್ಕು ಹಿಡಿದು ಗುಜರಿಗೆ ಹೋಗಲಿದ್ದ ಯಂತ್ರಕ್ಕೆ ಬಣ್ಣ ಬಳಿದವರನ್ನು ಆಕ್ಷೇಪಿಸುವುದು ಕಷ್ಟ.

ಸ್ನೇಹವಲಯದ ಇನ್ನೊಂದು ಮುಖ ಸೇವೆಯದು. 1980ರ ಆಸುಪಾಸಿನಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್ ಎಂಬ ಸಂಸ್ಥೆಯ ಸ್ವಯಂಸೇವಕರು, ದಾನವಾಗಿ ಬಂದ ಹೊಲಿಗೆ ಯಂತ್ರಗಳನ್ನು ಹಾಗೂ ಇತರ ಕೈ ಉಪಕರಣಗಳನ್ನು ಸರಿಪಡಿಸಿ ಆಫ್ರಿಕದ ದೇಶಗಳ ಕುಶಲಕರ್ಮಿಗಳಿಗೆ ಕಳುಹಿಸುತ್ತ ಬಂದಿದ್ದಾರೆ. ವಿದ್ಯುತ್ತಿಲ್ಲದ ಊರುಗಳಿಗೆ ಕೈಯಿಂದ ತಿರುಗಿಸುವ ಯಂತ್ರ ಹೆಚ್ಚು ಉಪಯುಕ್ತ. ಸಂಗ್ರಾಹಕನಿಗೆ ಅಪರೂಪದ ಯಂತ್ರ ಪ್ರಿಯ. ಇವರಿಗೆ ಅತಿ ಸಾಮಾನ್ಯವಾದ, ಎಲ್ಲೆಡೆ ಸೂಜಿ ದೊರೆಯುವ ಯಂತ್ರವೇ ಪ್ರಿಯ.

ಭಾರತದ ಸಂದರ್ಭಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಸಿಂಗರ್ ಇಲ್ಲಿ ವ್ಯಾಪಾರ ನಡೆಸಿತು. ಪಾರ್ಸಿ ಸಮುದಾಯದ ನಸ್ಸರ್ವಾನ್‌ಜಿ ಮೇರ್ವಾನ್‌ಜಿ ಪಟೇಲ್ ಅವರು ಅದರ ಭಾರತೀಯ ವಹಿವಾಟನ್ನು ದಶಕಗಳ ಕಾಲ ನೋಡಿಕೊಂಡರು. ಈ ಇತಿಹಾಸವನ್ನು ಡೇವಿಡ್ ಆರ್ನಾಲ್ಡ್ 2013ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಯಂತ್ರನಾಗರಿಕತೆಯ ಕಟು ವಿಮರ್ಶಕರಾಗಿದ್ದ ಗಾಂಧೀಜಿಯವರು ಸಿಂಗರ್ ಯಂತ್ರಕ್ಕೆ ವಿನಾಯಿತಿ ನೀಡಿದ್ದು ಸುಪರಿಚಿತ. 1924ರಲ್ಲಿ ಯಂಗ್ ಇಂಡಿಯಾದಲ್ಲಿ ಪ್ರಕಟವಾದ ಸಂವಾದವೊಂದರಲ್ಲಿ ಅವರು ಅದನ್ನು ಹೆಂಡತಿಯ ಶ್ರಮ ಕಂಡು ಮರುಗಿದ ಗಂಡನ ಪ್ರೀತಿಯ ಫಲವೆಂದು ಬಣ್ಣಿಸಿದರು. ಸಿಂಗರನ ಕೌಟುಂಬಿಕ ಜೀವನವನ್ನು ಬಲ್ಲವರಿಗೆ ಈ ವರ್ಣನೆ ತುಸು ಉದಾರವೆನಿಸುವುದು ಅನಿವಾರ್ಯ. 1930ರ ದಶಕದಲ್ಲಿ ಕಲ್ಕತ್ತೆಯ ಜೇ ಎಂಜಿನಿಯರಿಂಗ್ ಕಾರ್ಖಾನೆಯಿಂದ ಉಷಾ ಯಂತ್ರಗಳು ಬಂದವು. ನಮ್ಮ ದರ್ಜಿ ಅಂಗಡಿಗಳಲ್ಲಿ ಇಂದಿಗೂ ಕಾಣುವ ಕಪ್ಪು ಯಂತ್ರಗಳಲ್ಲಿ ಬಹುಪಾಲು ಸಿಂಗರ್ 15ನೆಯ ಮಾದರಿಯ ವಂಶಕ್ಕೆ ಸೇರಿದವು. ಲುಧಿಯಾನದಲ್ಲಿ ಇಂದಿಗೂ ತಯಾರಾಗುವ ಬಾಬಿನ್, ಲಾಳಿ, ಕೈಚಕ್ರಗಳನ್ನು ಪಾಶ್ಚಾತ್ಯ ಹವ್ಯಾಸಿಗಳೂ ಕೊಳ್ಳುತ್ತಾರೆ.

ಕರ್ನಾಟಕದಲ್ಲಿ ಹಳೆಯ ಯಂತ್ರವನ್ನು ಸರಿಪಡಿಸುವುದು ಹವ್ಯಾಸವಾಗಿರದೆ ಜೀವನೋಪಾಯವಾಗಿತ್ತು. ಸಂತೆಯ ದಿನ ಚೀಲ ಹೊತ್ತು ಬಂದು, ದರ್ಜಿಯ ಜಗಲಿಯಲ್ಲಿ ಕುಳಿತು ಯಂತ್ರ ಬಿಚ್ಚುತ್ತಿದ್ದ ರಿಪೇರಿಗಾರನ ವಿದ್ಯೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿತು. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಿಪೇರಿ ಕೆಫೆಯಂಥ ಪ್ರಯತ್ನಗಳು ನಗರವಾಸಿಗಳನ್ನೂ ಅನುಭವಿ ರಿಪೇರಿಗಾರರನ್ನೂ ಒಂದೇ ಮೇಜಿನ ಬಳಿ ಕೂರಿಸಿವೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲಾದ ಚಳವಳಿಯ ಶಾಖೆಯಿದು.

ಸಂಘ ಪ್ರಕಟಿಸಿದ ಕ್ರಮಸಂಖ್ಯೆಯ ಪಟ್ಟಿಗಳಿಂದ ಯಂತ್ರದ ಕಾರ್ಖಾನೆ ಮತ್ತು ಕಾಲ ತಿಳಿಯುತ್ತವೆ. ಅದು ಯಾವ ಊರು ಸೇರಿತೆಂಬುದು ತಿಳಿಯದು. ಹುಬ್ಬಳ್ಳಿಗೋ ಮೈಸೂರಿಗೋ ಮಂಗಳೂರಿಗೋ ಯಾವ ದಶಕದಲ್ಲಿ ಎಂಥ ಯಂತ್ರಗಳು ಬಂದವೆಂಬುದಕ್ಕೆ ಯಂತ್ರಗಳೇ ಸಾಕ್ಷಿ. ಅವುಗಳ ಮೇಲಿನ ಸಂಖ್ಯೆ, ಮಾರಾಟಗಾರರು ಹೊಡೆಸಿದ ಹಿತ್ತಾಳೆಯ ಪಟ್ಟಿ, ರಿಪೇರಿಗಾರ ಬದಲಿಸಿದ ಭಾಗ ಇವೇ ಆಕರಗಳು. ಆದರೆ ಈಚಿನ ವರ್ಷಗಳಲ್ಲಿ ಕಾಲುತುಳಿ ಯಂತ್ರಗಳ ಬಳ್ಳಿಯಾಕಾರದ ಕಬ್ಬಿಣದ ಚೌಕಟ್ಟುಗಳು ನಗರಗಳ ಉಪಾಹಾರ ಗೃಹಗಳಲ್ಲಿ ಮೇಜಿನ ಕಾಲುಗಳಾಗುತ್ತಿವೆ. ಚೌಕಟ್ಟಿನ ಮೇಲೆ ಕಂಪನಿಯ ಹೆಸರಷ್ಟೇ ಎರಕವಾಗಿರುತ್ತದೆ. ಕ್ರಮಸಂಖ್ಯೆ ಇರುವುದು ಯಂತ್ರದ ತಲೆಯ ಮೇಲೆ. ಬೇರ್ಪಡಿಸಿದ ಆ ತಲೆಗಳು ಎಷ್ಟೋ ಸಲ ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತಿವೆ.