ತೆಪ್ಪ ಜಪ್ತಿಯಾದ ಮೇಲೆ

ನಂಜನಗೂಡಿನ ಕಪಿಲೆಯ ದಡದಿಂದ ತಿರುಮಕೂಡಲಿನ ಸಂಗಮದವರೆಗೆ ಹೊಳೆ ನಂಬಿ ಬದುಕಿದ ನಮ್ಮ ಅಂಬಿಗರ, ಬೆಸ್ತರ ಮನೆಗಳಲ್ಲಿ ತೆಪ್ಪವೇ ಆಸ್ತಿ. ಬಿದಿರಿನ ಹೆಣಿಗೆಗೆ ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಟಾರು. ಸೇತುವೆಗಳು ಬಂದಂತೆ ಕಡವುಗಳು ಬರಿದಾದವು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದ ಮೇಲೆ ಹೊಳೆಯ ನೀರು ನಾಲೆಯ ಲೆಕ್ಕಕ್ಕೆ ಸೇರಿತು. 1989ರಲ್ಲಿ ತಿರುಮಕೂಡಲಿನಲ್ಲಿ ಆರಂಭವಾದ ಕುಂಭಮೇಳದ ದಿನಗಳು, ತಲಕಾಡಿಗೆ ಬರುವ ಪ್ರವಾಸಿಗರು, ಒಂದಿಷ್ಟು ಮೀನು: ತೆಪ್ಪಕ್ಕೆ ಉಳಿದ ಕೆಲಸ ಇಷ್ಟೆ.

ಆ ಹೊತ್ತಿಗೇ ಪಟ್ಟಣದ ಕಟ್ಟಡಗಳಿಗೆ ಮರಳು ಬೇಕಾಯಿತು. ಮಡುವಿನ ಮರಳೆತ್ತಲು ತೆಪ್ಪಕ್ಕಿಂತ ಅಗ್ಗದ ಸಾಧನವಿಲ್ಲ. ಅಕ್ರಮ ಮರಳು ದಂಧೆಯವರು ಕೂಲಿ ತೋರಿಸಿದರು, ನಮ್ಮ ಹುಡುಗರು ನೀರಿಗಿಳಿದರು. ದಾಳಿಯಾದಾಗ ಲಾರಿಯ ಯಜಮಾನ ಊರಲ್ಲೇ ಇರುವುದಿಲ್ಲ. ಸಿಕ್ಕಿಬೀಳುವುದು ತೆಪ್ಪ, ಅದರ ಮೇಲಿದ್ದವನು. ಇದು ನಮ್ಮ ಸಮಾಜದ ಇತ್ತೀಚಿನ ಚರಿತ್ರೆಯ ನೋವಿನ ಪುಟ.

1957ರ ಗಣಿ ಮತ್ತು ಖನಿಜ ಕಾಯ್ದೆಯ 21ನೇ ಕಲಮಿನ ಪ್ರಕಾರ ಅಕ್ರಮವಾಗಿ ಖನಿಜ ಎತ್ತಲು, ಸಾಗಿಸಲು ಬಳಸಿದ ಉಪಕರಣ, ವಾಹನ, ಇತರ ವಸ್ತುವನ್ನು ಅಧಿಕಾರಿ ಜಪ್ತಿ ಮಾಡಬಹುದು. ಆದರೆ ಅದನ್ನು ಸರ್ಕಾರದ ಸ್ವತ್ತಾಗಿ ಮುಟ್ಟುಗೋಲು ಹಾಕಿಕೊಳ್ಳಲು ನ್ಯಾಯಾಲಯದ ಆದೇಶ ಬೇಕು. ದಡದಲ್ಲೇ ತೆಪ್ಪ ಒಡೆದು ಸುಡುವುದು ಈ ಕಲಮಿನಲ್ಲಿಲ್ಲ.

ಸಮುದ್ರದಲ್ಲೂ ಮೀನುಗಾರರ ದೋಣಿಯನ್ನೇ ಮಾದಕ ವಸ್ತುವಿನ ದಂಧೆ ಹಿಡಿದಿದೆ. 2024ರ ನವೆಂಬರಿನಲ್ಲಿ ಅಂಡಮಾನಿನ ಬಳಿ ಕರಾವಳಿ ರಕ್ಷಣಾ ಪಡೆ ತಡೆದದ್ದು ಮ್ಯಾನ್ಮಾರಿನ ಮೀನುಗಾರಿಕಾ ದೋಣಿ. ಅದರಲ್ಲಿದ್ದದ್ದು ಸುಮಾರು 6,000 ಕಿಲೋ ಮೆಥಾಂಫೆಟಮೈನ್. ಅಷ್ಟು ಘೋರ ಅಪರಾಧಕ್ಕೆ ಅನ್ವಯಿಸುವ 1985ರ ಮಾದಕ ವಸ್ತು ಕಾಯ್ದೆಯೂ 60ನೇ ಕಲಮಿನಲ್ಲಿ ಮಾಲೀಕನಿಗೆ ಒಂದು ದಾರಿ ಇಟ್ಟಿದೆ: ತನಗೂ ತನ್ನ ಏಜೆಂಟನಿಗೂ ದೋಣಿಯ ಉಸ್ತುವಾರಿ ಹೊತ್ತವನಿಗೂ ತಿಳಿಯದೆ, ಎಲ್ಲರೂ ಎಚ್ಚರ ವಹಿಸಿದ್ದರೂ ಬಳಕೆಯಾಯಿತೆಂದು ರುಜುವಾತುಪಡಿಸಿದರೆ ದೋಣಿ ಉಳಿಯುತ್ತದೆ. ಗಣಿ ಕಾಯ್ದೆಯ 21ನೇ ಕಲಮಿನಲ್ಲಿ ಅಂಥ ಮಾತಿಲ್ಲ. ಬಾಡಿಗೆಗೆ ಹೋದ ತೆಪ್ಪದ ಬಡ ಒಡೆಯನಿಗೂ ಆ ಅವಕಾಶ ಸಿಗಬೇಕೆಂಬುದು ನಮ್ಮ ಬೇಡಿಕೆ.

ಮರಳೆತ್ತಿದವರ ಪರ ಇದು ವಕಾಲತ್ತಲ್ಲ. ಮಡು ಕೊರೆದರೆ ಮೀನೂ ಹೋಗುತ್ತದೆ, ಸ್ನಾನಕ್ಕಿಳಿದವರ ಜೀವವೂ ಹೋಗುತ್ತದೆ. ತೆಪ್ಪವನ್ನು ದಂಧೆಗೆ ಕೊಡಬೇಡಿ. ಜಪ್ತಿಯಾದರೆ ಮಹಜರಿನ ಪ್ರತಿ ಕೇಳಿ ಪಡೆಯಿರಿ, ವಕೀಲರೊಂದಿಗೆ ನ್ಯಾಯಾಲಯಕ್ಕೆ ಹೋಗಿ.