ಹಳೆಯ ಕತ್ತಿಯ ಜೀರ್ಣೋದ್ಧಾರ

ಮಹಾನವಮಿಯ ಆಯುಧಪೂಜೆಯಂದು ಅಟ್ಟದಿಂದ ಕೆಳಗಿಳಿದು, ಅರಿಶಿನ ಕುಂಕುಮಗಳನ್ನು ಧರಿಸಿ, ಮಾರನೆಯ ದಿನ ಮತ್ತೆ ಅಟ್ಟಕ್ಕೇರುವ ಹಳೆಯ ಕತ್ತಿಯೊಂದು ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಇದ್ದೀತು. ನಮ್ಮ ಮನೆಯಲ್ಲಿಯೂ ಅಂತಹುದೊಂದು ಇದ್ದಿತು. ಮೊಳದುದ್ದದ ಅಲಗು, ಬಿರುಕುಬಿಟ್ಟ ಮರದ ಹಿಡಿ, ಮೈಯೆಲ್ಲ ಕಂದುಬಣ್ಣ. ವಿದ್ಯಾರ್ಥಿದೆಶೆಯಲ್ಲಿ ಅದನ್ನು ಹೊಸದು ಮಾಡಬೇಕೆಂಬ ಹುಮ್ಮಸ್ಸು ನಮಗೆ ಹುಟ್ಟಿತು. ಹುಣಿಸೆಹಣ್ಣಿನಿಂದಲೂ ಇಟ್ಟಿಗೆಯ ಪುಡಿಯಿಂದಲೂ ಉಜ್ಜಿದೆವು. ಅಷ್ಟು ಸಾಲದೆಂದು ಸಾಣೆ ಹಿಡಿಸಿದೆವು. ಅಲಗು ಕನ್ನಡಿಯಂತಾಯಿತು. ಮನೆಯ ಹಿರಿಯರು ಅದನ್ನು ಬೆಳಕಿಗೆ ತಿರುಗಿಸಿ ನೋಡಿ, “ಇದರ ಮೈಮೇಲೆ ನೀರಿನ ಅಲೆಗಳಂತಹ ಗೆರೆಗಳಿದ್ದುವಲ್ಲ, ಬುಡದಲ್ಲಿ ಎರಡು ಅಕ್ಷರಗಳಿದ್ದುವಲ್ಲ, ಅವು ಎಲ್ಲಿ ಹೋದುವಪ್ಪ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿನ ಭಾಷಣವು ಆ ಪ್ರಶ್ನೆಗೆ ತಡವಾಗಿ ಕೊಡುವ ಉತ್ತರ.

ಹಳೆಯ ಕತ್ತಿ ಚೂರಿಗಳನ್ನು ಕೂಡಿಟ್ಟು, ತುಕ್ಕು ಬಿಡಿಸಿ, ಮುರಿದ ಹಿಡಿಗೆ ಬದಲು ಹೊಸ ಹಿಡಿ ಹಾಕಿ, ಬೇಕೆನಿಸಿದರೆ ಅಲಗಿನ ಆಕಾರವನ್ನೇ ಮಾರ್ಪಡಿಸಿ ಸಂತೋಷಪಡುವುದು ಇಂದು ಅನೇಕ ದೇಶಗಳಲ್ಲಿ ಬಿಡುವಿನ ವೇಳೆಯ ಹವ್ಯಾಸವಾಗಿದೆ. ಈ ಕೆಲಸ ಮಾತ್ರ ಹೊಸದಲ್ಲ. ಯೂರೋಪಿನ ವರ್ತಕರು ತಂದ ಖಡ್ಗಗಳ ಅಲಗುಗಳಿಗೆ ನಮ್ಮ ದೇಶದ ಕುಶಲಿಗಳು ದೇಶೀಯ ಹಿಡಿಗಳನ್ನು ಜೋಡಿಸುತ್ತಿದ್ದರು. ಅಂತಹ ಕತ್ತಿಗೆ ‘ಫಿರಂಗಿ’ ಎಂದೇ ಹೆಸರು. ತಂಜಾವೂರಿನ ಕಠಾರಿಗಳಲ್ಲಿ ಹಲವಕ್ಕೆ ಯೂರೋಪಿನ ಖಡ್ಗಗಳಿಂದ ಕತ್ತರಿಸಿದ ತುಂಡುಗಳೇ ಅಲಗು. ನಮ್ಮ ಕತ್ತಿಗಳ ರಚನೆಯೂ ಇದಕ್ಕೆ ಅನುಕೂಲವಾಗಿದ್ದಿತು. ಅಲಗಿನ ಬಾಲವನ್ನು ಲೋಹದ ಹಿಡಿಯೊಳಗೆ ಸೇರಿಸಿ ಅರಗಿನಂತಹ ಅಂಟಿನಿಂದ ಭದ್ರಪಡಿಸುತ್ತಿದ್ದರು. ಹಿಡಿಯನ್ನು ಕಾಯಿಸಿದರೆ ಅಂಟು ಮೆದುವಾಗಿ ಅಲಗು ಹೊರಬರುತ್ತಿದ್ದಿತು. ಉಕ್ಕು ದುರ್ಲಭವಾಗಿದ್ದ ಕಾಲದಲ್ಲಿ ಒಂದು ಅಲಗು ಹಲವು ಹಿಡಿಗಳನ್ನು ಕಂಡದ್ದು ಆಶ್ಚರ್ಯವಲ್ಲ. ಹೀಗೆ, ಹಳೆಯದನ್ನು ಮಾರ್ಪಡಿಸುವುದೇ ಅಪಚಾರವೆಂದು ನಾವು ಹೇಳಲಾರೆವು.

ಇನ್ನು ಆ ಅಲೆಗೆರೆಗಳ ವಿಷಯ. ಅವು ನಮ್ಮ ಉಕ್ಕಿನ ಹಸ್ತಾಕ್ಷರ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಇಲ್ಲಿನ ಕಬ್ಬಿಣದ ಕುಲುಮೆಗಳನ್ನೂ ಉಕ್ಕು ಮಾಡುವ ಕ್ರಮವನ್ನೂ, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ವರ್ಣಿಸಿದ್ದಾನೆ. ದಕ್ಷಿಣ ಭಾರತದ ಕಮ್ಮಾರರು ಮೆದುಕಬ್ಬಿಣದ ತುಂಡುಗಳನ್ನು ತಂಗಡಿಯ ಸೌದೆಯ ಚೂರುಗಳೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯನ್ನು ಮಣ್ಣಿನಿಂದ ಮುಚ್ಚಿ, ಇದ್ದಲಿನ ಬೆಂಕಿಯಲ್ಲಿ ತಿದಿಯೊತ್ತಿ ಕರಗಿಸುತ್ತಿದ್ದರು. ಸೌದೆಯ ಇಂಗಾಲವು ಕಬ್ಬಿಣದೊಳಗೆ ಸೇರುತ್ತಿದ್ದಿತು. ಮೂಸೆಯು ಮೆಲ್ಲನೆ ಆರಿದ ಮೇಲೆ ಒಡೆದರೆ ಮುಷ್ಟಿಗಾತ್ರದ ಉಕ್ಕಿನ ಗಟ್ಟಿ ದೊರೆಯುತ್ತಿದ್ದಿತು. ಇಂಗ್ಲಿಷಿನವರು ‘ವೂಟ್ಸ್’ ಎಂದು ಕರೆದುದು ಇದನ್ನೇ. ಆ ಹೆಸರು ನಮ್ಮ ‘ಉಕ್ಕು’ ಎಂಬ ಶಬ್ದದ ಅಪಭ್ರಂಶವೆಂದು ಅನೇಕ ವಿದ್ವಾಂಸರ ಮತ.

ಮುಂಬಯಿಯ ಡಾಕ್ಟರ್ ಹೆಲೆನಸ್ ಸ್ಕಾಟ್ 1794ರಲ್ಲಿ ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದನು. 1795ರಲ್ಲಿ ಜಾರ್ಜ್ ಪಿಯರ್ಸನ್ ಇದರ ಮೇಲೆ ಪ್ರಬಂಧವನ್ನೋದಿದನು. ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಚೂರಿಗಾರನು ಅದರಿಂದ ಲೇಖನಿ ಕೊರೆಯುವ ಒಂದು ಸಣ್ಣ ಚಾಕುವನ್ನು ಮಾಡಿ ನೋಡಿ, ಆ ಉಕ್ಕಿಗೆ ಮನಸೋತನು. ಮುಂದೆ 1819ರಿಂದ 1822ರವರೆಗೆ, ಕಮ್ಮಾರನ ಮಗನಾಗಿ ಹುಟ್ಟಿದ ಮೈಕೇಲ್ ಫ್ಯಾರಡೆಯು ಈ ಸ್ಟೊಡಾರ್ಟನೊಡನೆ ಸೇರಿ, ನಮ್ಮ ಉಕ್ಕಿನ ಗುಟ್ಟನ್ನು ಹುಡುಕಲು ಪ್ರಯೋಗಗಳನ್ನು ನಡೆಸಿದನು. ಗುಟ್ಟು ಪೂರ್ತಿಯಾಗಿ ಸಿಕ್ಕಲಿಲ್ಲ. ಇತ್ತ ನಮ್ಮ ಮೂಸೆಗಳೂ ಆ ಶತಮಾನದಲ್ಲಿಯೇ ಒಂದೊಂದಾಗಿ ತಣ್ಣಗಾದುವು.

ಗುಟ್ಟನ್ನು ಬಿಡಿಸಿದವರಲ್ಲಿ ಒಬ್ಬ ಹವ್ಯಾಸಿಯೂ ಇದ್ದನೆಂಬುದು ನಮ್ಮ ವಿಷಯಕ್ಕೆ ಮುಖ್ಯ. ಅಮೆರಿಕದ ಲೋಹಶಾಸ್ತ್ರಜ್ಞ ಜಾನ್ ವರ್‌ಹೋವೆನ್ ಮತ್ತು ಕುದುರೆಗಳಿಗೆ ಲಾಳ ಕಟ್ಟುವ ಕಸುಬಿನವನಾಗಿದ್ದು ಕತ್ತಿ ಬಡಿಯುವುದರಲ್ಲಿ ಆಸಕ್ತಿ ತಳೆದ ಆಲ್ಫ್ರೆಡ್ ಪೆಂಡ್ರೆ ಇವರು ವರ್ಷಗಟ್ಟಲೆ ಒಟ್ಟಿಗೆ ದುಡಿದರು. ನೂರಕ್ಕೆ ಸುಮಾರು ಒಂದೂವರೆ ಪಾಲು ಇಂಗಾಲವಿರುವ ಈ ಉಕ್ಕಿನಲ್ಲಿ ವನೇಡಿಯಮ್‌ನಂತಹ ಧಾತುಗಳು ಅತ್ಯಲ್ಪವಾಗಿ ಬೆರೆತಿದ್ದರೆ, ಮತ್ತೆ ಮತ್ತೆ ಕಾಯಿಸಿ ಬಡಿಯುವಾಗ ಇಂಗಾಲಯುಕ್ತವಾದ ಗಟ್ಟಿ ಕಣಗಳು ಸಾಲುಗೂಡಿ ಗೆರೆಗಳಾಗುತ್ತವೆಂದು 1998ರಲ್ಲಿ ಪ್ರಕಟಿಸಿದರು. ಅವರಿಗೆ ಸಾಕ್ಷಿಯಾಗಿ ದೊರೆತದ್ದು ಏನು? ಕರಗಿಸದೆ ಉಳಿಸಿಟ್ಟಿದ್ದ ಹಳೆಯ ಅಲಗುಗಳು.

ಉಳಿಯದೆ ಹೋದವೆಷ್ಟು! 1863ರಲ್ಲಿ ತಂಜಾವೂರಿನ ಅರಮನೆಯ ಆಯುಧಶಾಲೆಯನ್ನು ಬರಿದುಮಾಡಿದಾಗ, ಆರಿಸಿದ ಕೆಲವು ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದುವು; ಮಿಕ್ಕವನ್ನು ಮುರಿದು ಹಳೆಯ ಕಬ್ಬಿಣವೆಂದು ಮಾರಿಬಿಟ್ಟರು. ಆ ತೂಕದ ತಕ್ಕಡಿಯಲ್ಲಿ ಎಂತೆಂತಹ ಕಮ್ಮಾರರ ಕೈಬರಹ ಹೋಯಿತೋ ಹೇಳುವವರಿಲ್ಲ. ಸರ್ಕಾರವು ದೊಡ್ಡದಾಗಿ ಮಾಡಿದ್ದನ್ನೇ ನಾವು ಮನೆಯಲ್ಲಿ ಚಿಕ್ಕದಾಗಿ ಮಾಡಿದೆವು.

ಆದುದರಿಂದ ಈ ಹವ್ಯಾಸವನ್ನು ಕೈಗೊಳ್ಳುವ ಮಿತ್ರರಿಗೆ ನಮ್ಮ ಬಿನ್ನಹವಿಷ್ಟು. ಮೊದಲು ನೋಡಿರಿ, ಆಮೇಲೆ ಮುಟ್ಟಿರಿ. ಕೆಂಪಗೆ ಪುಡಿಯಾಗಿ ಉದುರುವ ತುಕ್ಕು ಶತ್ರು. ಅದಕ್ಕೆ ಎಣ್ಣೆಯೂ ತಾಳ್ಮೆಯೂ ಮದ್ದು. ಕಾಲವು ಹೊದಿಸಿದ ಕಪ್ಪು ಮೈ ಮಾತ್ರ ಶತ್ರುವಲ್ಲ. ಹಿಡಿ ಕೊಳೆತಿದ್ದರೆ ಹೊಸದನ್ನು ಹಾಕಿರಿ, ಹಳೆಯದನ್ನು ಎಸೆಯದೆ ಜೊತೆಯಲ್ಲಿಡಿರಿ. ಅಲಗನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಬೇಡಿರಿ. ಹದವೂ ಕೆಡುತ್ತದೆ, ಶಾಖ ಮಿತಿಮೀರಿದರೆ ಆ ಕಣಗಳೇ ಕರಗಿ ಗೆರೆಗಳು ಹೇಳಹೆಸರಿಲ್ಲದಂತಾಗುತ್ತವೆ. ಮಾರ್ಪಡಿಸಲು ಕೈ ತುರಿಸಿದರೆ ನಿನ್ನೆ ಮೊನ್ನೆ ಕಾರ್ಖಾನೆಯಿಂದ ಬಂದ ಅಡಿಗೆಮನೆಯ ಚಾಕುಗಳು ಬೇಕಾದಷ್ಟಿವೆ.

ಕೊನೆಗೆ ನಮ್ಮ ಮನೆಯ ಕತ್ತಿಯ ಕಥೆ. ಅಲೆಗೆರೆಗಳು ಅಲಗಿನ ಮೇಲೆ ಬರೆದವಲ್ಲ, ಒಳಗೆಲ್ಲ ವ್ಯಾಪಿಸಿದವು. ಬಹುಕಾಲದ ಮೇಲೆ ಬಲ್ಲವರೊಬ್ಬರು ಸೌಮ್ಯವಾದ ಆಮ್ಲವನ್ನು ಸವರಲು, ಸಾಣೆಯು ಮರೆಸಿದ್ದ ಗೆರೆಗಳು ಮಸುಕಾಗಿ ಮತ್ತೆ ತೋರಿದುವು. ಬುಡದ ಆ ಎರಡು ಅಕ್ಷರಗಳು ಬರಲಿಲ್ಲ. ಅವು ಮೇಲ್ಮೈಯಲ್ಲಿ ಕೊರೆದವು; ಸಾಣೆಯ ಪುಡಿಯೊಂದಿಗೆ ಹೋದುವು. ಅವು ಕಮ್ಮಾರನ ಹೆಸರೋ ಒಡೆಯನ ಹೆಸರೋ ನಾವು ಓದಿರಲಿಲ್ಲ. ಓದಿದ್ದ ಹಿರಿಯರೂ ಈಗಿಲ್ಲ.